ಕಾಯ್

ಮೊದಲ ವರ್ಷ, ಮೇಲಿನ ಮನೆಯ ಸಾಠೆ ಕಾಕು
ಮೆಟ್ಟಿಲಿನಿಂದ ಬಗ್ಗಿ "ಕಾಯ್?" ಅಂದಾಗೆಲ್ಲ
ನಾನು ಕೊಡ ಹಿಡಿದು ನಿಂತಲ್ಲೇ ಕಾದೆ.
ಏನು ಅಂತ ಕೇಳ್ತಾಳ ಆಕಿ, ಕಾಯು ಅಂತಲ್ಲ ಎಂದು
ಮಾಪಣ್ಣ ಹೇಳಿಕೊಟ್ಟ, ಕಣ್ಣಲ್ಲಿ ನೀರು ಬರುವಂತೆ ನಕ್ಕು.

ಕಸಬಾ ಪೇಠೆಯ ವಾಡೆ, ಅದರ ಹಿಂದಿನ ಖೋಲಿ.
ಉತ್ತರಕ್ಕೆ ಒಂದು ಕಿಟಕಿ, ಒಡೆದ ಗಾಜಿಗೆ
ಹೋದ ವರ್ಷದ ಕ್ಯಾಲೆಂಡರು, ಡಿಸೆಂಬರು ಒಳಮುಖವಾಗಿ.
ಹನ್ನೊಂದು ತಿಂಗಳ ಕರಾರು, ಅದರಲ್ಲಿ ಮೂರು ಪೂರಾ ಥಂಡಿ.
ಹೀಟರು ಕೂಡದು, ಇಸ್ತ್ರಿ ರವಿವಾರ ಮಾತ್ರ,
ಅಂಗಳದಲ್ಲಿ ಒಲೆ ಹೂಡಕೂಡದು.
ಬಿಸಿಲು ನಮ್ಮ ಹೊಸ್ತಿಲಿಗೆ ಹನ್ನೊಂದೂ ಹತ್ತಕ್ಕೆ ಬರುತ್ತದೆ.
ಅಲ್ಲಿ ಕಾಕುವಿನ ಲಿಂಬೆ ಉಪ್ಪಿನಕಾಯಿ ಭರಣಿ ಮೊದಲೇ ಕೂತಿರುತ್ತದೆ.

ನೆಲಕ್ಕೆ ಶಹಾಬಾದಿ ಫರಸಿ.
ನಮ್ಮೂರ ಕಲ್ಲು ಅದು. ಅಪ್ಪ ಗಣಿಯಲ್ಲಿ
ಪದರು ಪದರಾಗಿ ಎಬ್ಬಿಸಿ ಲಾರಿಗೆ ಹೇರಿದ್ದು.
ಮೇ ತಿಂಗಳಲ್ಲಿ ಅಂಗಿ ತೆಗೆದು, ಒಂದು ತಂಬಿಗೆ ನೀರು ಚೆಲ್ಲಿ,
ಅದರ ಮೇಲೆ ಬೋರಲು ಬಿದ್ದು
ಇದಕ್ಕಿಂತ ಸುಖ ಯಾವ ಸಾಹುಕಾರಗದ ಅನ್ನುತ್ತಿದ್ದ.
ಇಲ್ಲಿ ಅದೇ ಕಲ್ಲು, ಬೆಳಗಿನ ಐದಕ್ಕೆ,
ಗುರುತೇ ಇಲ್ಲದವರ ಹಾಗೆ ಅಂಗಾಲು ಕಚ್ಚುತ್ತದೆ.

ಮಾಪಣ್ಣನದು ರಾತ್ರಿ ಪಾಳಿ. ಎಟಿಎಂ ಕಾಯುತ್ತಾನೆ.
ಹೊರಗೆ ಒಂಬತ್ತು ಡಿಗ್ರಿ, ಒಳಗೆ ಎಸಿ.
ಮಿಷಿನ್ನಿಗೆ ಸೆಕೆ ಆಗಬಾರದಂತೆ.
ಅವನು ಅಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮುದುಡಿ
ಯಾರದೋ ರೊಕ್ಕ ಕಾಯುವಾಗ ನಾನು ಇಲ್ಲಿ
ಮರಾಠಿ ಪೇಪರು ಹಾಸಿ, ಮೇಲೆ ಚಾಪೆ, ಮೇಲೆ ಕೌದಿ,
ಓದಲು ಬಾರದ ಸುದ್ದಿಯ ಮೇಲೆ ಮಗ್ಗುಲಾಗುತ್ತೇನೆ.
ಸೀರೆಯ ಮೇಲೆ ಅವನ ಇನ್ನೊಂದು ಕೋಟು.
ಬೆನ್ನಿಗೆ ಸೆಕ್ಯುರಿಟಿ ಅಂತ ಬರೆದಿದೆ,
ಹಾಗಾಗಿ ರಾತ್ರಿಯಿಡೀ ಇಬ್ಬರೂ ಡ್ಯೂಟಿಯ ಮೇಲೆ.

ಐದಕ್ಕೆ ಅಲಾರಂ. ನಾನು ಏಳುವುದಿಲ್ಲ.
ಅವನ ಜಾಗಕ್ಕೆ ಹೊರಳುತ್ತೇನೆ,
ತಣ್ಣಗಿನ ಆ ಮಗ್ಗುಲನ್ನು ಒಂದು ತಾಸು
ಕಾವಿಗೆ ಕೂತ ಕೋಳಿಯಂತೆ ಅಲುಗದೆ ಕಾಯಿಸುತ್ತೇನೆ.
ಆರೂ ಇಪ್ಪತ್ತಕ್ಕೆ ಅವನು. ಆರೂವರೆಗೆ ನಾನು,
ಮೆಸ್ಸಿನಲ್ಲಿ ಮುನ್ನೂರು ಪೋಳಿ ಲಟ್ಟಿಸಲಿಕ್ಕೆ.
(ಅಲ್ಲಿ ಹಂಚಿನ ಮುಂದೆ ಹಗಲೆಲ್ಲ ಬೇಯುತ್ತೇನೆ.
ಒಂದು ಹಿಡಿ ಡಬ್ಬಿಯಲ್ಲಿ ತುಂಬಿ ತರುವಂತಿದ್ದರೆ.)
ನಡುವಿನ ಹತ್ತು ನಿಮಿಷ
ಗ್ಯಾಸಿನ ಮೇಲೆ ಅವನಿಗೆ ನೀರು.
"ಕಾದದೇನು?" ಬೂಟು ಬಿಚ್ಚುತ್ತ ಕೇಳುತ್ತಾನೆ.
"ಕಾದೀನಿ" ಅನ್ನುತ್ತೇನೆ.

ಸಂಕ್ರಾಂತಿಗೆ ಎರಡು ದಿನ ಇರುವಾಗ ಏಳಕ್ಕೆ ಇಳಿಯಿತು.
ಮೋರಿಯ ಬಳಿ ಸಡಿಲಾಗಿದ್ದ ಫರಸಿ ಚೂರೊಂದನ್ನು ಎತ್ತಿದೆ,
ಒರಸಿ ಸಣ್ಣ ಉರಿಯ ಮೇಲಿಟ್ಟೆ,
ಹರಿದ ಖಾಕಿ ಪ್ಯಾಂಟಿನ ಕಾಲಲ್ಲಿ ಸುತ್ತಿ
ಕೌದಿಯೊಳಗೆ ಇಡೋಣ ಅಂತ.
ಕಲ್ಲು ಬಹಳ ಹೊತ್ತು ಸುಮ್ಮನಿತ್ತು.
ಆಮೇಲೆ ಸುಣ್ಣದಂಥ ವಾಸನೆ, ಗಣಿಯಿಂದ ಬಂದ
ಅಪ್ಪನ ಅಂಗಿಯ ವಾಸನೆ.
ಆಮೇಲೆ ಫಟ್ ಅಂತ ಎರಡು ಹೋಳು.

ಮೆಟ್ಟಿಲ ಮೇಲೆ ದೀಪ ಹತ್ತಿತು. "ಕಾಯ್?"
ಕದ ತೆರೆಯದೆ, ಕನ್ನಡದಲ್ಲೇ "ಕಾದದ" ಅಂದೆ.

ಬೆಳಿಗ್ಗೆ, ಮಾಪಣ್ಣ ಇನ್ನೂ ಬೂಟು ಬಿಚ್ಚುವಾಗಲೇ, ಕಾಕು ಬಂದಳು.
ಮೋರಿಯ ಬಳಿಯ ಹಳ್ಳ ನೋಡಿದಳು,
ಡಿಪಾಜಿಟ್ಟಿನಲ್ಲಿ ಇನ್ನೂರೈವತ್ತು ಮುರಿದುಕೊಳ್ಳುತ್ತೇನೆ ಅಂದಳು.
ಎಲ್ಲಿ ತೋರಿಸು ಎಂದು ಕೌದಿಯೊಳಗೆ ಕೈ ಹಾಕಿದಳು,
ಹೊರಗೆ ತೆಗೆಯಲು
ಸ್ವಲ್ಪ ತಡ ಮಾಡಿದಳು.

ನಮ್ಮೂರ ಕಲ್ಲಿಗೆ ನಾವೇ ರೊಕ್ಕ ಕೊಡಬೇಕೇನು ಎಂದು
ಗೊಣಗುತ್ತಲೇ ಮಾಪಣ್ಣ ನಿದ್ದೆ ಹೋದ,
ಒಂದೊಂದು ಕಾಲಿಗೆ ಒಂದೊಂದು ಹೋಳು.
ಗಾಳಿಗೆ ಎದ್ದಿದ್ದ ಕ್ಯಾಲೆಂಡರನ್ನು
ಮೊಳೆಗೆ ಸಿಕ್ಕಿಸಿ ಹೊರಟೆ.
ಕರಾರು ಮುಗಿಯಲು ಇನ್ನೂ ನಾಲ್ಕು ತಿಂಗಳು.